ಹೊಳೆ ಬಂದಾಗ ಮನೆಯಲ್ಲೇ ಇರಬಹುದಾ? ಮೊದಲು ಗೋಡೆ ನೋಡಿ

ಪ್ರಶ್ನೆ: ಸರ್, ನಮ್ಮದು ಜೇವರ್ಗಿ ತಾಲೂಕಿನಲ್ಲಿ ಭೀಮಾ ದಂಡೆಯ ಒಂದು ಊರು. ಮನೆಯ ಮುಂದಿನ ಭಾಗ ನಮ್ಮ ಮಾವನವರ ತಂದೆ ಕಟ್ಟಿಸಿದ ಮಾಳಿಗೆ ಮನೆ. ಹಿಂದೆ ಎರಡು ಆರ್‌ಸಿಸಿ ಕೋಣೆ ಇವೆ, ತಾರಸಿಗೆ ಹೋಗಲು ಮೆಟ್ಟಿಲಿದೆ. ಯಜಮಾನರು ಪುಣೆಯಲ್ಲಿ ಕೆಲಸಕ್ಕಿದ್ದಾರೆ. ಮನೆಯಲ್ಲಿ ನಾನು, ಇಬ್ಬರು ಮಕ್ಕಳು, ಸರಿಯಾಗಿ ನಡೆಯಲಾಗದ ಅತ್ತೆ ಮತ್ತು ಎರಡು ಎಮ್ಮೆ. ಕಳೆದ ಸಲ ಹೊಳೆ ಬಂದಾಗ ಪಂಚಾಯತಿಯವರು ಹೊರಡಿ ಅಂದರೂ ಅತ್ತೆ ಏಳಲಿಲ್ಲ. ನೀರು ಅಂಗಳದ ತನಕ ಬಂದು ಇಳಿಯಿತು. ಮನೆಯಲ್ಲೇ ಸುರಕ್ಷಿತವಾಗಿ ಇರಲು ಏನೇನು ಮಾಡಬೇಕು? ಊರು ಬಿಟ್ಟರೆ ಎಷ್ಟು ದಿನಕ್ಕೆ ವಾಪಸ್ ಬರಬಹುದು? ನೆಲದೊಳಗಿನ ಹಗೇವಿನಲ್ಲಿ (ಕಾಳು ತುಂಬಿಡುವ ಗುಂಡಿ) ಜೋಳ ಇದೆ, ನೀರು ಹೊಕ್ಕರೆ ಅದನ್ನು ಏನು ಮಾಡುವುದು?

ಉತ್ತರ: ತಂಗಿ, ನಿಮ್ಮ ಒಂದೇ ಮನೆಯಲ್ಲಿ ಎರಡು ಥರದ ಮನೆ ಇವೆ. ಅದಕ್ಕೇ ಉತ್ತರವೂ ಎರಡು. ಬುಡಕ್ಕೆ ನೀರು ತಾಗಿದ ಮೇಲೆ ಮುಂದಿನ ಮಾಳಿಗೆ ಮನೆಯಲ್ಲಿ ಒಂದು ತಾಸೂ ಇರಬೇಡಿ. ಹಿಂದಿನ ಆರ್‌ಸಿಸಿ ಭಾಗದ ತಾರಸಿ ಮೇಲೆ, ದಾರಿ ಕಟ್ಟಾಗಿ ಸಿಕ್ಕಿಬಿದ್ದರೆ, ಒಂದೆರಡು ದಿನ ತಳ್ಳಬಹುದು. ಆದರೆ ಅದು ಬೇರೆ ದಾರಿಯೇ ಇಲ್ಲದಾಗ. ಅದನ್ನೇ ನಂಬಿಕೊಂಡು ಮನೆಯಲ್ಲಿ ಕೂರಬೇಡಿ. ಅತ್ತೆಯವರಿಗೆ ನಡೆಯಲಾಗುವುದಿಲ್ಲ ಅಂದ ಮೇಲೆ ಊರಿನಲ್ಲಿ ಎಲ್ಲರಿಗಿಂತ ಮೊದಲು ಹೊರಡಬೇಕಾದವರು ನೀವು.

ಯಾಕೆ ಇಷ್ಟು ಖಡಾಖಂಡಿತ ಅಂತ ಹೇಳುತ್ತೇನೆ. ನಮ್ಮ ಕಡೆಯ ಮಾಳಿಗೆ ಮನೆ ಬಿಸಿಲಿಗೆ ಅಂತಲೇ ಕಟ್ಟಿದ್ದು. ದಪ್ಪ ಕಲ್ಲಿನ ಗೋಡೆ, ಮೇಲೆ ತೊಲೆ, ಜಂತಿ, ಅದರ ಮೇಲೆ ಮಣ್ಣು. ಮೇ ತಿಂಗಳಲ್ಲೂ ಒಳಗೆ ತಂಪು. ಆದರೆ ಆ ಕಲ್ಲುಗಳನ್ನು ಹಿಡಿದುಕೊಂಡಿರುವುದು ಸಿಮೆಂಟ್ ಅಲ್ಲ, ಕಲಸಿದ ಮಣ್ಣು. ಹತ್ತಡಿ ಉದ್ದ, ಹತ್ತಡಿ ಅಗಲದ ಕೋಣೆಯ ಮೇಲೆ ಒಂದಡಿ ಮಣ್ಣಿದೆ ಅಂದುಕೊಳ್ಳಿ. ಒಣಗಿದ್ದಾಗಲೇ ಅದರ ಭಾರ 4 ಟನ್‌ಗಿಂತ ಜಾಸ್ತಿ. ನಾಲ್ಕು ದಿನ ಜಿಟಿಜಿಟಿ ಮಳೆ ಹಿಡಿದರೆ ಆ ಮಣ್ಣು ನೀರು ಕುಡಿದು ಇನ್ನೂ ಭಾರವಾಗುತ್ತದೆ. ಅದೇ ಹೊತ್ತಿಗೆ ಕೆಳಗೆ ಹೊಳೆ ನೀರು ನಿಂತು ಗೋಡೆಯ ಬುಡದ ಮಣ್ಣು ಮೆತ್ತಗಾಗುತ್ತದೆ. ಮೇಲೆ ಭಾರ ಹೆಚ್ಚಾಯಿತು, ಕೆಳಗೆ ಬಲ ಹೋಯಿತು. 2009ರಲ್ಲಿ ಉತ್ತರ ಕರ್ನಾಟಕಕ್ಕೆ ನೆರೆ ಬಂದಾಗ ಮನೆಯ ಗೋಡೆ ಬಿದ್ದೇ ಸತ್ತವರು ಬಹಳ ಜನ. ನೀರಿಗೆ ಹೆದರಿ ಮನೆಯೊಳಗೆ ಸೇರಿಕೊಂಡವರೂ ಅದರಲ್ಲಿದ್ದರು.

ಹೊರಗಿನ ಸಿಮೆಂಟ್ ಪ್ಲಾಸ್ಟರ್ ನೋಡಿ ಮೋಸ ಹೋಗಬೇಡಿ. ನಮ್ಮಲ್ಲಿ ಹಳೇ ಗೋಡೆಗೆ ಪ್ಲಾಸ್ಟರ್ ಹೊಡೆಸಿ, ಬಣ್ಣ ಬಳಿಸಿ, ಕೆಳಗೆ ಶಹಾಬಾದ್ ಕಲ್ಲು ಹಾಸಿಬಿಟ್ಟರೆ ಪಕ್ಕಾ ಮನೆಯ ಹಾಗೆಯೇ ಕಾಣುತ್ತದೆ. ಬಾಗಿಲ ಚೌಕಟ್ಟಿನ ಪಕ್ಕದಲ್ಲೋ, ಗೋಡೆಯ ಮಾಡದ ಒಳಗೋ ಒಂದು ಮೊಳೆಯಿಂದ ಕೆದಕಿ ನೋಡಿ. ಪುಡಿ ಮಣ್ಣು ಉದುರಿದರೆ ಅದು ಮಣ್ಣಿನ ಗೋಡೆಯೇ.

ಇನ್ನು ಹಿಂದಿನ ಕೋಣೆಗಳು. ಅವನ್ನೂ ಆರ್‌ಸಿಸಿ ಅಂದ ಮಾತ್ರಕ್ಕೆ ಒಪ್ಪಬೇಡಿ. ಮೂರು ವಿಷಯ ನೋಡಬೇಕು. ಸ್ಲ್ಯಾಬ್ ಕೂತಿರುವುದು ಪಿಲ್ಲರ್ ಮತ್ತು ಸಿಮೆಂಟ್ ಗೋಡೆಗಳ ಮೇಲಾ, ಅಥವಾ ಖರ್ಚು ಉಳಿಸಲು ಒಂದು ಕಡೆ ಹಳೇ ಮಣ್ಣಿನ ಗೋಡೆಯ ಮೇಲಾ? ಹಳೇ ಮನೆಗೆ ಹೊಸ ಕೋಣೆ ಜೋಡಿಸುವಾಗ ಮೇಸ್ತ್ರಿಗಳು ಹೀಗೆ ಮಾಡುವುದು ಅಪರೂಪವಲ್ಲ. ಹಾಗಿದ್ದರೆ ಆ ತಾರಸಿಯನ್ನೂ ನಂಬುವ ಹಾಗಿಲ್ಲ. ಎರಡನೆಯದು, ಬುಡ. ನಿಮ್ಮದು ಎರೆ ಭೂಮಿ. ನೆನೆದರೆ ಉಬ್ಬುತ್ತದೆ, ಒಣಗಿದರೆ ಬಿರುಕು ಬಿಡುತ್ತದೆ. ಮೂಲೆಗಳಲ್ಲಿ ಪಾಯದ ಪಕ್ಕದ ಮಣ್ಣು ಹಿಂದಿನ ನೀರಿಗೆ ಕೊಚ್ಚಿ ಹೋಗಿದ್ದರೆ ಮಳೆಗಾಲಕ್ಕೆ ಮೊದಲೇ ಅಲ್ಲಿ ಕಲ್ಲು, ಮೊರಂ ತುಂಬಿಸಿ. ಮೂರನೆಯದನ್ನು ಬಹಳ ಜನ ಯೋಚಿಸುವುದೇ ಇಲ್ಲ. ತಾರಸಿಯ ಮೆಟ್ಟಿಲಿಗೆ ಹೋಗುವ ದಾರಿ ಎಲ್ಲಿಂದ? ಮಾಳಿಗೆ ಮನೆಯ ಪಡಸಾಲೆ ದಾಟಿಯೇ ಹೋಗಬೇಕಿದ್ದರೆ, ಬೇಕಾದಾಗ ಆ ಮೆಟ್ಟಿಲು ನಿಮಗೆ ಸಿಗುವುದಿಲ್ಲ. ಹಿತ್ತಲ ಕಡೆಯಿಂದ ಒಂದು ದಾರಿ ಮಾಡಿಸಿಕೊಳ್ಳಿ. ಒಂದು ಗಟ್ಟಿ ಏಣಿ ಇಟ್ಟರೂ ನಿಮಗೆ, ಮಕ್ಕಳಿಗೆ ನಡೆಯುತ್ತದೆ. ಅತ್ತೆಗೆ ಏಣಿ ಆಗುವುದಿಲ್ಲ.

ಈಗ ಹೊರಡುವುದು ಯಾವಾಗ ಅನ್ನುವ ಮಾತು. ಇದರಲ್ಲಿ ಭೀಮಾ ದಂಡೆಯವರಿಗೆ ಒಂದು ಅನುಕೂಲ ಇದೆ, ಅದನ್ನು ಯಾರೂ ಸರಿಯಾಗಿ ಬಳಸಿಕೊಳ್ಳುವುದಿಲ್ಲ. ಭೀಮಾ ನದಿಗೆ ದೊಡ್ಡ ನೀರು ಬರುವುದು ಹೆಚ್ಚಾಗಿ ಮಹಾರಾಷ್ಟ್ರದಿಂದ. ಉಜನಿ ಅಣೆಕಟ್ಟಿನಿಂದ ಬಿಡುತ್ತಾರೆ, ನೀರಾ ನದಿಯ ವೀರ್ ಜಲಾಶಯದಿಂದ ಬರುತ್ತದೆ, ಸೀನಾ ನದಿ ಸೇರಿಕೊಳ್ಳುತ್ತದೆ. ಅದೆಲ್ಲ ಅಫಜಲಪುರ ತಾಲೂಕಿನ ಸೊನ್ನ ಬ್ಯಾರೇಜ್‌ಗೆ ಬಂದು, ದೇವಲ ಗಾಣಗಾಪುರ ದಾಟಿ, ಆಮೇಲೆ ನಿಮ್ಮ ಕಡೆ ಬರಬೇಕು. ಇಷ್ಟು ದಾರಿ ಸವೆಸಲು ನೀರಿಗೂ ಹೊತ್ತು ಬೇಕಲ್ವಾ? ನಿಮ್ಮ ಊರಿನಲ್ಲಿ ಚಳಕ್ ಅಂತ ಬಿಸಿಲು ಬಿದ್ದಿರುವಾಗಲೇ ಹೊಳೆ ಏರುವುದು ಇದಕ್ಕೇ. ಆಕಾಶ ನೋಡಿ ನಿರ್ಧಾರ ಮಾಡಬೇಡಿ. ಸೊನ್ನದಿಂದ ಎಷ್ಟು ಕ್ಯುಸೆಕ್ ಬಿಟ್ಟಿದ್ದಾರೆ, ಎಷ್ಟು ಹೊತ್ತಿಗೆ ಬಿಟ್ಟಿದ್ದಾರೆ ಅಂತ ಕೇಳಿ.

ಒಂದು ಕ್ಯುಸೆಕ್ ಅಂದರೆ ಸೆಕೆಂಡಿಗೆ ಸುಮಾರು 28 ಲೀಟರ್. ಒಂದು ಲಕ್ಷ ಕ್ಯುಸೆಕ್ ಅಂದರೆ ಸೆಕೆಂಡಿಗೆ 28 ಲಕ್ಷ ಲೀಟರ್. ಆದರೆ ಟಿವಿಯಲ್ಲಿ ಇಷ್ಟು ಲಕ್ಷ ಅಂತ ಹೇಳಿದರೆ ನಿಮಗೆ ಏನೂ ತಿಳಿಯುವುದಿಲ್ಲ. ನಿಮಗೆ ಬೇಕಾದದ್ದು ನಿಮ್ಮೂರಿನ ಲೆಕ್ಕ. 2020ರ ಅಕ್ಟೋಬರ್‌ನಲ್ಲಿ, 2025ರ ಸೆಪ್ಟೆಂಬರ್‌ನಲ್ಲಿ ಹೊಳೆ ಬಂದಾಗ ಸೊನ್ನದಿಂದ ಎಷ್ಟು ಬಿಟ್ಟಿದ್ದರು, ಆಗ ನಿಮ್ಮೂರಲ್ಲಿ ನೀರು ಎಲ್ಲಿಯ ತನಕ ಬಂತು, ಬಿಟ್ಟ ಎಷ್ಟು ತಾಸಿಗೆ ಬಂತು ಅಂತ ಊರಿನ ಹಿರಿಯರನ್ನು, ತಲಾಟಿಯವರನ್ನು, ಬ್ಯಾರೇಜ್ ಕಡೆ ಕೆಲಸ ಮಾಡುವವರನ್ನು ಕೇಳಿ ಬರೆದಿಟ್ಟುಕೊಳ್ಳಿ. ಗುಡಿಯ ಕಂಬಕ್ಕೋ ಶಾಲೆಯ ಗೋಡೆಗೋ ಬಣ್ಣದ ಗುರುತು ಹಾಕಿಸಿ. ಮುಂದಿನ ಸಲ ಅಷ್ಟೇ ಕ್ಯುಸೆಕ್ ಅಂತ ಕೇಳಿದ ಕೂಡಲೇ ನೀರು ಎಷ್ಟು ಹೊತ್ತಿಗೆ ಎಲ್ಲಿಗೆ ಬರುತ್ತದೆ ಅನ್ನುವ ಅಂದಾಜು ನಿಮಗೇ ಸಿಗುತ್ತದೆ. ಲೆಕ್ಕ ಹಾಕಿದಾಗ ನೀರು ರಾತ್ರಿ ಬರುತ್ತದೆ ಅಂತ ಕಂಡರೆ ಹೊತ್ತು ಮುಳುಗುವ ಮೊದಲೇ ಊರು ಬಿಟ್ಟಿರಬೇಕು.

ಕಾಗಿಣಾ, ಮುಲ್ಲಾಮಾರಿ, ಕಮಲಾವತಿ ದಂಡೆಯವರು ಇದನ್ನು ಓದುತ್ತಿದ್ದರೆ ಈ ಲೆಕ್ಕ ನಿಮಗಲ್ಲ. ಅಲ್ಲಿ ಮೇಲಿನ ಊರುಗಳಲ್ಲಿ ಜೋರು ಮಳೆಯಾದರೆ ಹೊಳೆ ತಾಸುಗಳಲ್ಲಿ ಏರುತ್ತದೆ. ಸೇಡಂ, ಮಳಖೇಡ, ಚಿಂಚೋಳಿ ಕಡೆಯವರಿಗೆ ಮಳೆಯೇ ಎಚ್ಚರಿಕೆ. ಡಂಗುರಕ್ಕೆ ಕಾಯಬಾರದು.

ಮತ್ತೆ ನಿಮ್ಮ ಊರಿಗೆ ಬರುತ್ತೇನೆ. ಕಳೆದ ಸಲ ನೀರು ಅಂಗಳಕ್ಕೆ ಬಂದು ಇಳಿಯಿತು ಅಂದಿರಿ. ಆ ಹೊತ್ತಿಗೆ ಊರಿನಿಂದ ಹೊರಗೆ ಹೋಗುವ ರಸ್ತೆ ಹೇಗಿತ್ತು? ಅದು ಅಷ್ಟರಲ್ಲಿ ಮುಳುಗಿರುವ ಸಂಭವವೇ ಜಾಸ್ತಿ. ಹೊಳೆ ತುಂಬಿದಾಗ ಹಳ್ಳದ ನೀರಿಗೆ ಹೊಳೆ ಸೇರಲು ಜಾಗ ಇರುವುದಿಲ್ಲ. ಹೊಳೆ ನೀರೇ ಹಳ್ಳದ ಬಾಯಿಂದ ಹಿಂದಕ್ಕೆ ನುಗ್ಗುತ್ತದೆ. ನೀವು ಮುಂದೆ ಹೊಳೆಯ ಕಡೆ ನೋಡುತ್ತಾ ಕೂತಿರುತ್ತೀರಿ, ಊರ ಹಿಂದಿನ ಹಳ್ಳದ ಸೇತುವೆ ಅಷ್ಟರಲ್ಲಿ ಮುಳುಗಿರುತ್ತದೆ. ಭೀಮಾ ದಂಡೆಯ ಎಷ್ಟೋ ಊರು ನಡುಗಡ್ಡೆಯಾಗುವುದು ಹೀಗೆಯೇ. 2025ರ ನೆರೆಯಲ್ಲಿ ಕಟ್ಟಿಸಂಗಾವಿ ಸೇತುವೆ ಹತ್ತಿರ ಹೆದ್ದಾರಿಯನ್ನೇ ಬಂದ್ ಮಾಡಬೇಕಾಯಿತು, ಅಂದ ಮೇಲೆ ಊರೊಳಗಿನ ಡಾಂಬರು ರಸ್ತೆಯ ಮಾತೇನು? ಹಾಗಾಗಿ ಹೊಸ್ತಿಲಿಗೆ ನೀರು ಬಂದರೆ ಹೊರಡೋಣ ಅನ್ನುವುದು ತಪ್ಪು ಲೆಕ್ಕ. ಹಳ್ಳದ ಸೇತುವೆಗೆ ನೀರು ಸಮೀಪಿಸಿದರೆ ಹೊರಡಬೇಕು. ಮನೆಯಲ್ಲಿ ಗರ್ಭಿಣಿ ಇದ್ದರೆ, ಡಯಾಲಿಸಿಸ್‌ಗೆ ಹೋಗುವವರಿದ್ದರೆ, ಅದಕ್ಕೂ ಒಂದು ದಿನ ಮೊದಲು.

ಒಂದು ಸಲ ಸೇತುವೆ ಮೇಲೆ ನೀರು ಹರಿಯಲು ಶುರುವಾದರೆ ದಾಟಬೇಡಿ. ರಭಸದಿಂದ ಹರಿಯುವ ಅರ್ಧ ಅಡಿ ನೀರು ಆಳನ್ನು ಬೀಳಿಸುತ್ತದೆ. ಒಂದಡಿ ನೀರಿನಲ್ಲಿ ಸಣ್ಣ ಕಾರು ತೇಲಲು ಶುರುವಾಗುತ್ತದೆ. ಟ್ರ್ಯಾಕ್ಟರ್ ಇದೆ, ಏನೂ ಆಗಲ್ಲ ಅನ್ನುವವರು ಪ್ರತಿ ಊರಲ್ಲೂ ಇರುತ್ತಾರೆ. ಕೆಳಗೆ ರಸ್ತೆ ಉಳಿದಿದೆಯೋ ಕೊಚ್ಚಿ ಹೋಗಿದೆಯೋ ಅಂತ ಕೆಂಪು ನೀರಿನ ಮೇಲಿಂದ ಅವರಿಗೂ ಕಾಣುವುದಿಲ್ಲ.

ಅತ್ತೆಯವರನ್ನು ಒಪ್ಪಿಸುವ ವಿಷಯಕ್ಕೆ ನನ್ನ ಅನುಭವದಲ್ಲಿ ಒಂದೇ ಉಪಾಯ ಕೆಲಸ ಮಾಡಿದೆ. ಮೊದಲು ಎಮ್ಮೆ ಕಳಿಸಿ. ವಯಸ್ಸಾದವರು ಮನೆ ಬಿಡುವುದಿಲ್ಲ ಅನ್ನುತ್ತಾರಲ್ಲ, ಅದರ ಹಿಂದೆ ಎಷ್ಟೋ ಸಲ ಇರುವುದು ದನದ ಚಿಂತೆ. ಕಟ್ಟಿದ ದನ ಬಿಟ್ಟು ಬರಲು ಅವರ ಮನಸ್ಸು ಒಪ್ಪುವುದಿಲ್ಲ, ಸರಿಯೂ ಹೌದು. ಎತ್ತರದ ಊರಿನಲ್ಲಿರುವ ನೆಂಟರ ಮನೆಯಲ್ಲೋ ಪರಿಚಯದವರ ಹೊಲದಲ್ಲೋ ಜಾಗ ಮಾತಾಡಿಕೊಂಡು, ಸೊನ್ನದಿಂದ ನೀರು ಜಾಸ್ತಿ ಬಿಟ್ಟ ಸುದ್ದಿ ಬಂದ ದಿನವೇ ಎಮ್ಮೆಗಳನ್ನು ಹೊಡೆಸಿಬಿಡಿ. ಸ್ವಲ್ಪ ಕಣಕಿಯನ್ನೂ ಜೊತೆಗೆ ಕಳಿಸಿ. ಎಮ್ಮೆ ಹೋದ ಮೇಲೆ ಅತ್ತೆಯ ಹಟ ಅರ್ಧ ಇಳಿದಿರುತ್ತದೆ. ಸಾಗಿಸಲು ಆಗಲೇ ಇಲ್ಲ ಅಂದರೆ ಕಣ್ಣಿ ಬಿಚ್ಚಿಬಿಡಿ. ಎಮ್ಮೆ ಈಜುತ್ತದೆ, ಕಟ್ಟಿದ್ದರೆ ನಿಂತಲ್ಲೇ ಸಾಯುತ್ತದೆ. ದನಗಳ ಗಂಟಲು ಊದುವ ಗಳಲೆ ರೋಗದ ಲಸಿಕೆಯನ್ನು ಮಳೆಗಾಲ ಶುರುವಾಗುವ ಮೊದಲೇ ಹಾಕಿಸಿರಬೇಕು, ನೆರೆ ಬಂದ ಮೇಲೆ ಓಡಾಡಿದರೆ ಪ್ರಯೋಜನ ಕಡಿಮೆ.

ಅತ್ತೆಯವರನ್ನು ಎತ್ತಲು ಕೈಯಿರುವ ಗಟ್ಟಿ ಪ್ಲಾಸ್ಟಿಕ್ ಕುರ್ಚಿ ಸಾಕು. ಇಬ್ಬರು ಹಿಡಿಯಬೇಕು, ಒಬ್ಬರಿಂದ ಆಗುವುದಿಲ್ಲ. ಆ ಇಬ್ಬರು ಯಾರು ಅಂತ ಈಗಲೇ ಓಣಿಯಲ್ಲಿ ಮಾತಾಡಿಡಿ. ಅತ್ತೆಯವರ ಬಿಪಿ, ಸಕ್ಕರೆ ಮಾತ್ರೆ ಹದಿನೈದು ದಿನಕ್ಕೆ ಆಗುವಷ್ಟು, ಡಾಕ್ಟರ ಚೀಟಿ, ಆಧಾರ್, ರೇಷನ್ ಕಾರ್ಡ್, ಪಾಸ್‌ಬುಕ್, ಪಹಣಿ ಇವೆಲ್ಲ ಒಂದು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ ಕೈಗೆ ಸಿಗುವ ಕಡೆ ಇಟ್ಟಿರಿ. ನೆರೆ ಬಂದಾಗ ಸರಕಾರ ತೆರೆಯುವ ಕಾಳಜಿ ಕೇಂದ್ರಕ್ಕೆ ಹೋಗಲು ಸಂಕೋಚ ಬೇಡ. ಅಲ್ಲಿ ಊಟ ಕೊಡುತ್ತಾರೆ. ಶೌಚಕ್ಕೆ ತೊಂದರೆ ಆಗುತ್ತದೆ ಅಂತ ಅತ್ತೆ ಅಂಜುತ್ತಿರಬಹುದು, ಇದನ್ನು ಬಾಯಿ ಬಿಟ್ಟು ಹೇಳುವವರು ಕಡಿಮೆ. ಕಮೋಡ್ ಕುರ್ಚಿ ಸಿಗುತ್ತದಾ ಅಂತ ಮೊದಲೇ ಕೇಳಿ ನೋಡಿ. ಇಲ್ಲದಿದ್ದರೆ ನೆಂಟರ ಮನೆಯೇ ಮೇಲು.

ಇಷ್ಟಾದ ಮೇಲೂ ಸಿಕ್ಕಿಬಿದ್ದಿರಿ ಅಂದುಕೊಳ್ಳೋಣ. ನೀರು ಬರುವ ಮೊದಲು, ಕೈಕಾಲು ಒಣಗಿರುವಾಗ, ಮೇನ್ ಸ್ವಿಚ್ ಇಳಿಸಿ. ಮನೆಯಲ್ಲಿ ಇನ್ವರ್ಟರ್ ಇದ್ದರೆ ಅದನ್ನೂ ಆಫ್ ಮಾಡಿ. ಮೇನ್ ಇಳಿಸಿದರೂ ಇನ್ವರ್ಟರ್ ಬ್ಯಾಟರಿಯಿಂದ ಮನೆಯ ವೈರಿಗೆ ಕರೆಂಟ್ ಬರುತ್ತಲೇ ಇರುತ್ತದೆ. ಈ ಒಂದು ವಿಷಯ ತಿಳಿಯದೆ ಪೇಟೆಯಲ್ಲೂ ಜನ ಶಾಕ್ ಹೊಡೆಸಿಕೊಳ್ಳುತ್ತಾರೆ. ಬೋರ್ಡಿಗೆ ನೀರು ತಾಗಿಬಿಟ್ಟಿದ್ದರೆ ಅದರ ಹತ್ತಿರ ಹೋಗಲೇಬೇಡಿ. 1912ಕ್ಕೆ ಫೋನ್ ಮಾಡಿ ಇಲ್ಲವೇ ಲೈನ್‌ಮನ್‌ಗೆ ಹೇಳಿ, ಟಿಸಿಯಲ್ಲೇ (ಟ್ರಾನ್ಸ್‌ಫಾರ್ಮರ್) ಲೈನ್ ತೆಗೆಸಿ. ಸಿಲಿಂಡರ್‌ನ ರೆಗ್ಯುಲೇಟರ್ ಬಂದ್ ಮಾಡಿ, ಬಿಚ್ಚಿ, ಮುಚ್ಚಳ ಹಾಕಿ, ಸಾಧ್ಯವಾದರೆ ತಾರಸಿಗೆ ಒಯ್ಯಿರಿ. ನೀರಿನಲ್ಲಿ ಸಿಲಿಂಡರ್ ತೇಲುತ್ತದೆ.

ಕುಡಿಯುವ ನೀರನ್ನು ಎಲ್ಲಕ್ಕಿಂತ ಮೊದಲು ಮೇಲೆ ಸಾಗಿಸಿ. ಒಬ್ಬರಿಗೆ ದಿನಕ್ಕೆ ಮೂರು ನಾಲ್ಕು ಲೀಟರ್ ಅಂತ ಲೆಕ್ಕ ಹಿಡಿದು, ಮೂರು ದಿನಕ್ಕೆ ಆಗುವಷ್ಟು ಮುಚ್ಚಳವಿರುವ ಕೊಡಗಳಲ್ಲಿ ತುಂಬಿ. ಊಟದ ಚಿಂತೆ ನಮ್ಮ ಕಡೆ ಅಷ್ಟಿಲ್ಲ. ಖಡಕ್ ರೊಟ್ಟಿ, ಶೇಂಗಾ ಹಿಂಡಿ ಇದ್ದರೆ ಒಲೆ ಹಚ್ಚದೆ ವಾರ ಕಳೆಯಬಹುದು. ತಾಡಪತ್ರಿ, ಹಗ್ಗ, ಟಾರ್ಚ್, ಒಂದು ಶಿಳ್ಳೆ, ಕೆಂಪು ಬಟ್ಟೆ ಮೇಲಿರಲಿ. ಬೋಟಿನವರಿಗೆ ಕಣ್ಣಿಗೆ ಬೀಳಬೇಕಲ್ಲ. ಫೋನ್ ಚಾರ್ಜ್ ಉಳಿಸಿ, ವಿಡಿಯೋ ತೆಗೆಯುತ್ತಾ ಕೂರಬೇಡಿ. 112ಕ್ಕೆ ಅಥವಾ ಜಿಲ್ಲೆಯ 1077ಕ್ಕೆ ಕರೆ ಮಾಡಿ ಎಷ್ಟು ಜನ ಇದ್ದೀರಿ, ನಡೆಯಲಾಗದವರು ಒಬ್ಬರಿದ್ದಾರೆ ಅಂತ ಮೊದಲೇ ಹೇಳಿ. ಸಿಡಿಲು ಹೊಡೆಯುತ್ತಿದ್ದು ನೀರು ಇನ್ನೂ ಆರ್‌ಸಿಸಿ ಕೋಣೆಗೆ ಬಂದಿಲ್ಲ ಅಂದರೆ ಕೋಣೆಯೊಳಗೇ ಇರಿ, ತಾರಸಿ ಬೇಡ. ಪಾಯಖಾನೆಯ ಗುಂಡಿಯಿಂದ ನೀರು ಉಲ್ಟಾ ಬರುತ್ತದೆ. ಪ್ಲಾಸ್ಟಿಕ್ ಚೀಲದಲ್ಲಿ ಉಸುಕು ತುಂಬಿ ಬೇಸಿನ್ ಬಾಯಿಗೆ ಒತ್ತಿಡಿ.

ಹಾವು ಬರುತ್ತದೆ, ಅದರಲ್ಲಿ ಅನುಮಾನ ಬೇಡ. ಬಿಲಕ್ಕೆ ನೀರು ಹೊಕ್ಕರೆ ಅದೂ ಒಣ ಜಾಗ ಹುಡುಕುತ್ತದೆ. ಮೆಟ್ಟಿಲ ಸಂದಿ, ಕಟ್ಟಿಗೆ ರಾಶಿ, ಫರಸಿ ಕಲ್ಲಿನ ಅಟ್ಟಿಗಳಿಗೆ ಬರಿಗೈ ಹಾಕಬೇಡಿ. ಕಚ್ಚಿದರೆ ಕೊಯ್ಯುವುದು, ಹೀರುವುದು, ಬಿಗಿಯಾಗಿ ಕಟ್ಟುವುದು ಯಾವುದೂ ಬೇಡ. ಕೈಯೋ ಕಾಲೋ ಅಲುಗಾಡದ ಹಾಗೆ ಕೋಲು ಇಟ್ಟು ಸುತ್ತಿ, ಔಷಧ ಇರುವ ಸರಕಾರಿ ಆಸ್ಪತ್ರೆಗೆ ಹೋಗಬೇಕು. ದಾರಿ ಕಟ್ಟಾಗಿದ್ದರೆ ಅದು ಆಗುತ್ತದಾ? ಮೊದಲೇ ಹೊರಡಿ ಅನ್ನಲು ಇದೂ ಒಂದು ಕಾರಣ.

ವಾಪಸ್ ಎಷ್ಟು ದಿನಕ್ಕೆ ಅಂತ ಕೇಳಿದಿರಿ. ದಿನದ ಲೆಕ್ಕ ಹೇಳುವ ಹಾಗಿಲ್ಲ. ಮಣ್ಣಿನ ಗೋಡೆಗಳು ನೀರು ಇಳಿದ ಮೇಲೂ ಬೀಳುತ್ತವೆ. ಒಳಗೂ ಹೊರಗೂ ನೀರು ನಿಂತಿದ್ದಾಗ ಎರಡೂ ಕಡೆಯಿಂದ ಒಂದೇ ಒತ್ತಡ ಇರುತ್ತದೆ. ನೀರು ಸರಿದಾಗ ಆ ಆಸರೆ ಹೋಗುತ್ತದೆ, ಗೋಡೆ ಮಾತ್ರ ಇನ್ನೂ ನೆನೆದೇ ಇರುತ್ತದೆ. ಮೇಲೆ ಬಿಸಿಲು ಬಿದ್ದು ಕೆಳಗಿನ ಎರೆ ಮಣ್ಣು ಬಿರಿಯುತ್ತದೆ. ಜನ ಮನೆ ತೊಳೆಯಲು ಒಳಗೆ ಹೋಗುವುದೂ ಅದೇ ಹೊತ್ತಿಗೆ. ನೀವು ಬಂದ ಕೂಡಲೇ ಬಾಗಿಲು ತೆಗೆಯಬೇಡಿ. ಗೋಡೆ ಎಷ್ಟು ಎತ್ತರ ಇದೆಯೋ ಅದಕ್ಕಿಂತ ಜಾಸ್ತಿ ದೂರದಲ್ಲಿ ನಿಂತು ಮನೆ ಸುತ್ತಿ ನೋಡಿ. ಗೋಡೆ ಹೊಟ್ಟೆ ಬಿಟ್ಟಿದೆಯಾ, ಹೊಸ ಬಿರುಕು ಇದೆಯಾ, ತೊಲೆ ಜಾರಿದೆಯಾ, ಬಾಗಿಲು ಬಿಗಿಯಾಗಿ ಸಿಕ್ಕಿಕೊಂಡಿದೆಯಾ? ಒಂದು ಕಂಡರೂ ಮುಂದಿನ ಭಾಗಕ್ಕೆ ಯಾರೂ ಹೋಗಬಾರದು. ಏನೂ ಕಾಣದಿದ್ದರೂ ಪಂಚಾಯತಿ ಇಂಜಿನಿಯರ್ ನೋಡುವ ತನಕ, ಗೋಡೆ ಪೂರಾ ಒಣಗುವ ತನಕ ಅಲ್ಲಿ ಮಲಗಬೇಡಿ. ಹಿಂದಿನ ಕೋಣೆಗಳಲ್ಲಿ ಇರಿ. ಕೆಸರು ತೆಗೆಯುವ ಮೊದಲು ಎಲ್ಲದರ ಫೋಟೋ ತೆಗೆದಿಡಿ, ಪಂಚನಾಮೆಗೆ ಬೇಕಾಗುತ್ತದೆ.

ಕರೆಂಟ್ ಹಾಕುವ ಮೊದಲು ವೈರಿಂಗ್ ಮಾಡುವವರನ್ನು ಕರೆಸಿ. ಮುಳುಗಿದ್ದ ಮೋಟಾರ್ ಸ್ಟಾರ್ಟರ್ ಅನ್ನು ಒಣಗಿದೆ ಅಂತ ನೀವೇ ಒತ್ತಬೇಡಿ. ಕೆಸರಿನಲ್ಲಿ ಬರಿಗಾಲಲ್ಲಿ ಓಡಾಡಿದ ಮೇಲೆ ಜ್ವರ, ಮೈಕೈ ನೋವು ಬಂದರೆ ಡಾಕ್ಟರಿಗೆ ನೆರೆ ನೀರಿನಲ್ಲಿ ನಿಂತಿದ್ದೆ ಅಂತ ಹೇಳಿ. ಇಲಿ ಜ್ವರ ಇರಬಹುದು ಅಂತ ಅವರಿಗೆ ಹೊಳೆಯಬೇಕು. ನೀರನ್ನು ಕುದಿಸಿ, ಗುಳುಗುಳು ಅಂದ ಮೇಲೆ ಒಂದು ನಿಮಿಷ ಬಿಟ್ಟು ಇಳಿಸಿ. ಮಕ್ಕಳಿಗೆ ಭೇದಿಯಾದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಟೀ ಚಮಚ, ಮಟ್ಟಸವಾಗಿ. ಉಪ್ಪು ಜಾಸ್ತಿ ಆಗಬಾರದು. ಆಶಾ ಕಾರ್ಯಕರ್ತೆಯರ ಹತ್ತಿರ ಓಆರ್‌ಎಸ್ ಪೊಟ್ಟಣ ಸಿಕ್ಕರೆ ಅದೇ ಒಳ್ಳೆಯದು.

ಕೊನೆಗೆ ಹಗೇವು. ಇದನ್ನು ನೀವು ಕೇಳಿದ್ದು ಒಳ್ಳೆಯದಾಯಿತು. ನೀರು ಹೊಕ್ಕ ಹಗೇವಿನಲ್ಲಿ ಜೋಳ ಕೊಳೆಯಲು ಶುರುವಾದರೆ ಒಳಗಿನ ಗಾಳಿ ಕೆಡುತ್ತದೆ. ಕೆಟ್ಟ ಗಾಳಿ ಭಾರ, ಕೆಳಗೇ ಕೂತಿರುತ್ತದೆ. ಇಳಿದವರಿಗೆ ಉಸಿರು ಕಟ್ಟುವುದು ಗೊತ್ತಾಗುವಷ್ಟರಲ್ಲಿ ಕಾಲು ಬಿದ್ದುಹೋಗಿರುತ್ತದೆ. ಅವರನ್ನು ಎತ್ತಲು ಇನ್ನೊಬ್ಬರು ಇಳಿಯುತ್ತಾರೆ, ಅವರೂ ಬೀಳುತ್ತಾರೆ. ದೀಪ ಇಳಿಬಿಟ್ಟು ನೋಡುವುದು ಹಿರಿಯರ ಕ್ರಮ. ದೀಪ ಆರಿದರೆ ಇಳಿಯಬಾರದು, ಅದು ಖರೆ. ಆದರೆ ದೀಪ ಉರಿಯಿತು ಅಂದ ಮಾತ್ರಕ್ಕೆ ಇಳಿಯಬಹುದು ಅಂತಲೂ ಅಲ್ಲ. ಬಾಯಿ ಪೂರಾ ತೆಗೆದು ಬಿಡಿ, ಮಕ್ಕಳು ಹತ್ತಿರ ಹೋಗದ ಹಾಗೆ ಸುತ್ತ ಬೇಲಿ ಕಟ್ಟಿ. ಜೋಳವನ್ನು ಮೇಲಿನಿಂದಲೇ ಬಕೆಟ್ಟು, ಹಗ್ಗದಿಂದ ಎಷ್ಟು ಬರುತ್ತದೋ ಅಷ್ಟು ತೆಗೆಯಿರಿ. ಯಾರಾದರೂ ಒಳಗೆ ಬಿದ್ದರೆ ಹಿಂದೆ ಇಳಿಯದೆ 112ಕ್ಕೆ ಫೋನ್ ಮಾಡಿ. ಹೊರಗೆ ಬಂದ ಜೋಳ ಬರೀ ನೆನೆದಿದ್ದು ಅಂತ ಕಂಡರೂ ಅದಕ್ಕೆ ನೆರೆ ನೀರು ತಾಗಿದೆ, ರೊಟ್ಟಿಗೆ ಬಳಸಬೇಡಿ. ಬೂಷ್ಟು ಹಿಡಿದಿದ್ದರೆ ಎಮ್ಮೆಗಳಿಗೂ ಹಾಕಬೇಡಿ, ಅದರ ವಿಷ ಹಾಲಿಗೂ ಬರುತ್ತದೆ. ಮುಂದಿನ ವರ್ಷದಿಂದ ಬಿತ್ತನೆಯ ಬೀಜ ಮತ್ತು ಮನೆ ಖರ್ಚಿನ ಜೋಳವನ್ನಾದರೂ ಹಗೇವಿನಲ್ಲಿ ಇಡದೆ ಹಿಂದಿನ ಆರ್‌ಸಿಸಿ ಕೋಣೆಯಲ್ಲಿ ಎತ್ತರದ ಕಟ್ಟೆಯ ಮೇಲೆ ಇಡಿ.